ಬೇಸ್ ಗಿಟಾರ್ ಹಿಡಿದು ಬ್ಯಾಂಡ್ ಜೊತೆ ವ್ಯಾನ್‌ನಲ್ಲಿ ಊರೂರು ಸುತ್ತಿದವರು ಇದ್ದೀರಾ? ನಿಮಗೆ ಏನು ನೆನಪಿದೆ?

ನಾಲ್ಕುತಂತಿ

ಮೊನ್ನೆ ಮನೆ ಬದಲಾಯಿಸುವಾಗ ಅಟ್ಟದಿಂದ ನನ್ನ ಬೇಸ್ ಕೇಸು ಇಳಿಸಿದೆ. ಅದನ್ನು ಮುಟ್ಟಿ ಹನ್ನೊಂದು ವರ್ಷ ಆಗಿತ್ತು. ಒಂದು ಲಾಚ್ ತುಕ್ಕು ಹಿಡಿದು ಕೂತಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಮುಚ್ಚಳ ತೆಗೆದ ಕೂಡಲೇ ಹಳೇ ಬೆವರು, ತಂತಿಯ ತುಕ್ಕು, ಗ್ಯಾಫರ್ ಟೇಪಿನ ಅಂಟು, ಎಲ್ಲ ಸೇರಿದ ವಾಸನೆ. ಪ್ಯಾಕಿಂಗ್ ಬಿಟ್ಟು ಸುಮ್ನೆ ನೆಲದ ಮೇಲೆ ಕೂತುಬಿಟ್ಟೆ.

ನಾವು ನಾಲ್ಕು ಜನ, ಮೂರು ವರ್ಷ ತಿರುಗಿದೆವು. ಬ್ಯಾಂಡಿನ ಹೆಸರು ಹೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಬಿಡಿ. ವಿಚಿತ್ರ ಏನೆಂದರೆ ನಮ್ಮದೇ ಹಾಡುಗಳು ಅರ್ಧಕ್ಕರ್ಧ ಮರೆತುಹೋಗಿವೆ. ಚೆನ್ನಾಗಿ ನೆನಪಿರುವುದು ನಮ್ಮ ಡ್ರಮ್ಮರ್‌ನ ಬಲಗಾಲು. ಬೂದು ಬಣ್ಣದ ಕ್ಯಾನ್ವಾಸ್ ಶೂ, ಹೆಬ್ಬೆರಳಿನ ಹತ್ತಿರ ಒಂದು ತೂತು, ಲೇಸು ಯಾವಾಗಲೂ ಒಳಗೆ ಸಿಕ್ಕಿಸಿರುತ್ತಿದ್ದ. ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಹೊಡೆಯುವ ಮುಂಚೆ ಅವನ ಹಿಮ್ಮಡಿ ಒಂದು ಚೂರು ಮೇಲೇಳುತ್ತಿತ್ತು. ಅದು ಎದ್ದಿದ್ದು ಕಂಡರೆ ನನ್ನ ಬೆರಳು ತಂತಿಯ ಮೇಲೆ ಇರುತ್ತಿತ್ತು. ಮೂರು ವರ್ಷ ನಾನು ಜನರನ್ನು ನೋಡಿದ್ದಕ್ಕಿಂತ ಆ ಶೂ ನೋಡಿದ್ದೇ ಜಾಸ್ತಿ.

ನಿಮಗೆಲ್ಲ ಏನು ಉಳಿದಿದೆ? ಬರೆಯಿರಿ. ಇನ್ನೊಂದು ಪ್ರಶ್ನೆಯೂ ಇದೆ: ಬೇಸ್‌ನ ನೆಕ್ (ತಂತಿ ಒತ್ತುವ ಉದ್ದನೆಯ ಹಿಡಿ) ಮುಂದಕ್ಕೆ ಬಾಗಿದ ಹಾಗೆ ಕಾಣುತ್ತಿದೆ, ತಂತಿಗಳು ನಡುವೆ ತುಂಬಾ ಮೇಲೆ ನಿಂತಿವೆ. ರಿಪೇರಿ ಆಗುತ್ತದಾ, ಇಲ್ಲಾ ಗೋಡೆಗೆ ತೂಗುಹಾಕಬೇಕಾ?

ಸ್ಟಿಕ್‌ಮುರುಕ

ಡ್ರಮ್ಮರ್ ಹೇಳುತ್ತಿದ್ದೇನೆ. ನೀವು ನಮ್ಮ ಕಾಲು ನೋಡುತ್ತೀರಿ ಅಂತ ನಮಗೆ ಗೊತ್ತಿರುತ್ತದೆ. ಅದಕ್ಕೇ ತಪ್ಪಾದಾಗ ನಾವು ನಿಮ್ಮ ಕಡೆ ನೋಡುವುದಿಲ್ಲ 😄

ನನ್ನ ಕಡೆಯಿಂದ ಒಂದು ಮಾತು. ದೊಡ್ಡ ಸ್ಟೇಜ್ ಸಿಕ್ಕಿತು ಅಂತ ಖುಷಿಯಲ್ಲಿ ಬೇಸ್‌ನವನು ಆ ಮೂಲೆಗೆ ಹೋಗಿ ನಿಂತರೆ ಕೆಲಸ ಕೆಟ್ಟಿತು. ಶಬ್ದ 10 ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಏಳು ಮೀಟರ್ ದೂರ ನಿಂತರೆ ನನ್ನ ಕಿಕ್ ಅವನಿಗೆ 20 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಅವನ ನೋಟು ನನಗೆ ಇನ್ನೊಂದು 20 ತಡ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಹಾಡು ಎಳೆದುಕೊಂಡು ಹೋಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಹೈ-ಹ್ಯಾಟ್ (ಡ್ರಮ್ಸ್ ಬದಿಯ ಜೋಡಿ ತಾಳ) ಪಕ್ಕ ಬಂದು ನಿಲ್ಲಿ, ಅಷ್ಟೇ.

ಕೆಳಸ್ವರ

ನನಗೆ ಉಳಿದಿರುವುದು ಬೆನ್ನುನೋವು. ತಮಾಷೆ ಅಲ್ಲ.

ನಮ್ಮ ಗಿಟಾರಿಸ್ಟ್ ಹತ್ತಿರ ಹಳೇ ಆಂಪೆಗ್ ಎಸ್‌ವಿಟಿ ಬೇಸ್ ಆಂಪ್ ಇತ್ತು, ಅವನ ಅಣ್ಣನದ್ದು. 1969ರಲ್ಲಿ ಬಂದ ಮಾಡೆಲ್, 300 ವ್ಯಾಟ್, 14 ವಾಲ್ವ್ (ಹಳೇ ರೇಡಿಯೋದಲ್ಲಿರುವ ಥರದ ಗಾಜಿನ ಕೊಳವೆ), ತಲೆ, ಅಂದರೆ ಸ್ಪೀಕರ್ ಬಿಟ್ಟು ಆಂಪ್ ಪೆಟ್ಟಿಗೆಯೊಂದೇ, ಸುಮಾರು 38 ಕಿಲೋ. ಅದರ ಕೆಳಗೆ ಹತ್ತು ಇಂಚಿನ ಎಂಟು ಸ್ಪೀಕರ್ ಇರುವ ಕ್ಯಾಬಿನೆಟ್, ಎಲ್ಲರೂ ಫ್ರಿಜ್ ಅಂತ ಕರೆಯುತ್ತಾರಲ್ಲ, ಅದು. ಶೋ ಇರುವ ಜಾಗ ಯಾವಾಗಲೂ ನೆಲಮಾಳಿಗೆ, ಇಲ್ಲಾ ಎರಡನೇ ಮಹಡಿ. ನೆಲದ ಮಟ್ಟದಲ್ಲಿ ಸ್ಟೇಜ್ ಸಿಕ್ಕಿದ್ದು ನನಗೆ ನೆನಪೇ ಇಲ್ಲ. ಹತ್ತುವಾಗ ಎಲ್ಲರೂ ಕೈ ಹಾಕುತ್ತಾರೆ. ರಾತ್ರಿ ಒಂದು ಗಂಟೆಗೆ ಇಳಿಸುವಾಗ ಹಾಡುವವನಿಗೆ ಯಾರೋ ಅಭಿಮಾನಿ ಸಿಕ್ಕಿರುತ್ತಾರೆ, ಗಿಟಾರಿಸ್ಟ್ ಪೆಡಲ್ ಒರೆಸುತ್ತಾ ಕೂತಿರುತ್ತಾನೆ. ಉಳಿದವರು ಡ್ರಮ್ಮರ್ ಮತ್ತು ನಾನು.

ಇನ್ನೊಂದು. ನಾನು ಹೆಣ್ಣು. ಬಾಗಿಲಲ್ಲಿ ಕೇಸು ಹಿಡಿದು ನಿಂತಿದ್ದರೂ "ನೀವು ಯಾರ ಜೊತೆ ಬಂದಿರಿ?" ಅಂತ ಕೇಳುವವರು. ಶುರುವಿನಲ್ಲಿ ಉತ್ತರ ಕೊಡುತ್ತಿದ್ದೆ. ಆಮೇಲಾಮೇಲೆ ಫ್ರಿಜ್‌ನ ಒಂದು ತುದಿ ತೋರಿಸಿ "ಹಿಡಿಯಿರಿ" ಅನ್ನುತ್ತಿದ್ದೆ. ಮತ್ತೆ ಪ್ರಶ್ನೆ ಬರುತ್ತಿರಲಿಲ್ಲ.

ಹೊಸಬೆರಳು

ನಾನು ಬೇಸ್ ಶುರು ಮಾಡಿ ಎಂಟು ತಿಂಗಳಾಯಿತು. ಮುಂದಿನ ತಿಂಗಳು ಮೊದಲ ಸಲ ಹೊರಗೆ ಆರು ಶೋ. 38 ಕಿಲೋ ಓದಿ ಗಾಬರಿ ಆಯಿತು, ನನ್ನ ಆಂಪ್ ಮೂರು ಕಿಲೋ ಕೂಡ ಇಲ್ಲ. ಅದು ಸಾಕಾಗುತ್ತದಾ?

ಡೆಸ್ಕ್‌ಹಿಂದೆ

ಸಾಕು, ಧಾರಾಳ. ನಾನು ಹದಿನಾರು ವರ್ಷ ಸೌಂಡ್ ಮಾಡಿದವನು. ಈಗಿನ ಕ್ಲಾಸ್-ಡಿ ಆಂಪ್‌ಗಳು ಹಗುರ ಇದ್ದರೂ ಶಕ್ತಿ ಕಡಿಮೆ ಏನಿಲ್ಲ. ಅದೂ ಅಲ್ಲದೆ ಜನರಿಗೆ ಕೇಳುವುದು ನನ್ನ ಸ್ಪೀಕರ್‌ನಿಂದ, ನಿಮ್ಮ ಆಂಪ್‌ನಿಂದ ಅಲ್ಲ. ನಿಮ್ಮದು ನಿಮಗೆ, ಡ್ರಮ್ಮರ್‌ಗೆ ಕೇಳಿದರೆ ಆಯಿತು.

ಬೇಸ್‌ನವರ ಬಗ್ಗೆ ನನ್ನ ಒಂದೇ ತಕರಾರು. ಸೌಂಡ್‌ಚೆಕ್‌ನಲ್ಲಿ "ಓಪನ್ ಈ ಹೊಡೆಯಿರಿ" (ಅತಿ ದಪ್ಪನೆಯ E ತಂತಿಯನ್ನು ಎಲ್ಲೂ ಒತ್ತದೆ ನುಡಿಸಿ) ಅಂದರೆ ತಮಗೆ ಗೊತ್ತಿರುವ ಅತಿ ಕಷ್ಟದ ಸ್ಲ್ಯಾಪ್ (ಹೆಬ್ಬೆರಳಿಂದ ತಂತಿಗೆ ಬಡಿಯುವುದು) ಶುರು ಮಾಡುತ್ತಾರೆ. ನನಗೆ ಅದು ಬೇಡ. E ತಂತಿ ಕಂಪಿಸುವುದು 41 ಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಎಂಟು ಮೀಟರ್‌ಗಿಂತ ಜಾಸ್ತಿ, ಅಂದರೆ ಎಷ್ಟೋ ಸಲ ಆ ಕೋಣೆಗಿಂತ ಅದೇ ಉದ್ದ. ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದ ಅಲೆ ಎದುರು ಬರುವ ಅಲೆಯನ್ನು ಗೋಡೆಯಿಂದ ಸುಮಾರು ಎರಡು ಮೀಟರ್ ಈಚೆ ಅಳಿಸಿಹಾಕುತ್ತದೆ. ಅಲ್ಲಿ ನಿಂತವನಿಗೆ ಓಪನ್ E ಇಲ್ಲವೇ ಇಲ್ಲ. ಗೋಡೆಗೆ ಒರಗಿ ನಿಂತವನಿಗೆ ಎದೆ ನಡುಗುತ್ತದೆ. ನೀವು ಒಂದೇ ನೋಟು ಹೊಡೆಯುತ್ತಾ ಇದ್ದರೆ ನಾನು ಕೋಣೆ ತುಂಬಾ ನಡೆದು ಇದನ್ನು ಹುಡುಕುತ್ತೇನೆ. ನನ್ನ ಮಿಕ್ಸಿಂಗ್ ಡೆಸ್ಕನ್ನೂ ಎಷ್ಟೋ ಸಲ ಸರಿಯಾಗಿ ಆ ಸತ್ತ ಜಾಗದಲ್ಲೇ ಇಟ್ಟಿರುತ್ತಾರೆ.

ಕೇಬಲ್‌ಸುತ್ತುವವ

ನಾನು ಕೇಳಿರುವುದು ಬೇರೆ. ಬೇಸ್ ಅಲೆ ಬೆಳೆಯಲು ಜಾಗ ಬೇಕು, ಅದಕ್ಕೇ ಆಂಪ್ ಹತ್ತಿರ ಕೇಳುವುದಿಲ್ಲ, ದೂರ ಕೇಳುತ್ತದೆ ಅಂತ.

ಡೆಸ್ಕ್‌ಹಿಂದೆ

@ಕೇಬಲ್‌ಸುತ್ತುವವ ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ಅದು ನಿಜ ಅಲ್ಲ. ಅಲೆ ಬೆಳೆಯಲು ಜಾಗ ಬೇಕಿದ್ದರೆ ಹೆಡ್‌ಫೋನ್‌ನಲ್ಲಿ ಬೇಸ್ ಕೇಳಲೇಬಾರದಿತ್ತು ಅಲ್ವಾ? ಆಂಪ್ ಮುಂದೆ ಕೇಳದಿರುವುದಕ್ಕೆ ಕಾರಣ, ಸ್ಪೀಕರ್ ನಿಮ್ಮ ಮೊಣಕಾಲಿಗೆ ಹಾಡುತ್ತಿರುತ್ತದೆ. ಕಿವಿ ಇರುವುದು ಮೇಲೆ. ಕ್ಯಾಬಿನೆಟ್ ಸ್ವಲ್ಪ ಹಿಂದಕ್ಕೆ ವಾಲಿಸಿ, ಇಲ್ಲಾ ಯಾವುದಾದರೂ ಪೆಟ್ಟಿಗೆ ಮೇಲೆ ಇಡಿ. ವಾಲ್ಯೂಮ್ ಅರ್ಧಕ್ಕೆ ಇಳಿಸಿದರೂ ಕೇಳುತ್ತದೆ.

ಹಿಂದಿನಸಾಲು

ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಬಗ್ಗೆ ಯಾರೂ ಬರೆಯಲಿಲ್ಲ! ನಮ್ಮ ಹಳೇ ಸಿಂಗಲ್ ಕಾಯಿಲ್ ಬೇಸ್, ಟ್ಯೂಬ್‌ಲೈಟ್ ಇರುವ ಜಾಗಕ್ಕೆ ಹೋದರೆ ಮುಗಿಯಿತು, ಜುಂಯ್ ಅಂತ ಶುರು. ಮೇನ್ಸ್ 50 ಹರ್ಟ್ಸ್ ಇರುವ ಕಡೆ ಒಂದು ಮಜಾ ಇದೆ. E ತಂತಿಯ ಮೂರನೇ ಫ್ರೆಟ್‌ನ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಜಿ ನೋಟು 49 ಹರ್ಟ್ಸ್. ಉದ್ದಕ್ಕೆ ಎಳೆದು ಹಿಡಿದರೆ ಆ ಹಮ್ ಜೊತೆ ಸೇರಿ ಸೆಕೆಂಡಿಗೊಮ್ಮೆ ಉಯ್ಯಾಲೆ ಆಡಿದ ಹಾಗೆ ವೂಂ... ವೂಂ... ಅಂತ ಕೇಳುತ್ತದೆ. ನಮ್ಮ ಒಂದು ಹಾಡು ಜಿಯಲ್ಲೇ ಮುಗಿಯುತ್ತಿತ್ತು. ಕೊನೇ ನೋಟಿನಲ್ಲಿ ಅದು ಬಂದರೆ ಜನ ಅದೂ ಹಾಡಿನ ಭಾಗ ಅಂದುಕೊಂಡು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾವೂ ಹೌದು ಅನ್ನುವ ಮುಖ ಮಾಡುತ್ತಿದ್ದೆವು.

ಆಮೇಲೆ ಒಬ್ಬ ಸೌಂಡ್ ಇಂಜಿನಿಯರ್ ಡಿಐ ಬಾಕ್ಸ್‌ನಲ್ಲಿ (ಬೇಸ್ ಸಿಗ್ನಲನ್ನು ಅವರ ಡೆಸ್ಕಿಗೆ ಕಳಿಸುವ ಸಣ್ಣ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದ. ಅರ್ಧ ಹಮ್ ಹೋಯಿತು. ಒಂದು ಸಣ್ಣ ಸ್ವಿಚ್, ಎರಡು ವರ್ಷ ನಮಗೆ ಗೊತ್ತೇ ಇರಲಿಲ್ಲ. ಆದರೆ ಹೊಸಬರಿಗೆ ಹೇಳಿಬಿಡುತ್ತೇನೆ: ಗ್ರೌಂಡ್ ಲಿಫ್ಟ್ ಅಂದರೆ ಡಿಐ ಮೇಲಿನ ಸ್ವಿಚ್ ಮಾತ್ರ. ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಬುದ್ಧಿವಂತರು ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಕೈಯಲ್ಲಿ ತಂತಿ, ತುಟಿಗೆ ಮೈಕ್. ಕರೆಂಟ್ ಹೊಡೆದು ಸಾಯುವ ದಾರಿ ಅದು.

ನಾಲ್ಕುತಂತಿ

ಕರೆಂಟ್ ಅಂದಿರಿ, ನೆನಪಾಯಿತು. ಇದನ್ನು ಬರೆಯಲೇಬೇಕು.

ಎರಡನೇ ವರ್ಷ. ಜಾಗ ಸಣ್ಣದು, ನೂರು ಜನ ಇದ್ದಿರಬಹುದು, ಅವರಲ್ಲಿ ಅರ್ಧ ಜನ ನಮ್ಮ ನಂತರ ಬರುವ ಬ್ಯಾಂಡಿಗಾಗಿ ಬಂದವರು. ನಾಲ್ಕನೇ ಹಾಡಿನ ಎರಡನೇ ಚರಣದ ಮಧ್ಯದಲ್ಲಿ ಪಟ್ ಅಂತ ಎಲ್ಲ ಹೋಯಿತು. ಲೈಟು, ಪಿಎ (ಜನರ ಕಡೆಯ ಸ್ಪೀಕರ್), ಗಿಟಾರ್, ನನ್ನ ಆಂಪ್. ಬಾಗಿಲ ಮೇಲಿನ ಎಮರ್ಜೆನ್ಸಿ ದೀಪ ಮಾತ್ರ ಉಳಿಯಿತು. ಡ್ರಮ್ಸ್‌ಗೆ ಕರೆಂಟ್ ಬೇಕಿಲ್ಲವಲ್ಲ. ಅವನು ನಿಲ್ಲಿಸಲಿಲ್ಲ. ಯಾಕೆ ಅಂತ ಆಮೇಲೆ ಕೇಳಿದ್ದಕ್ಕೆ "ನೀನು ನಿಲ್ಲಿಸಲಿಲ್ಲ, ಅದಕ್ಕೆ" ಅಂದ. ನಾನು ನಿಲ್ಲಿಸದೇ ಇದ್ದದ್ದು ಅವನು ನಿಲ್ಲಿಸಲಿಲ್ಲ ಅಂತ!

ಶಬ್ದವೇ ಇಲ್ಲದ ಬೇಸ್ ನುಡಿಸಿ ನೋಡಿದ್ದೀರಾ? ಗಾಳಿಗೆ ಗುದ್ದಿದ ಹಾಗೆ. ತಂತಿ ಫ್ರೆಟ್‌ಗೆ ಬಡಿಯುವ ಟಕ್ ಟಕ್ ಅಷ್ಟೇ. ಆ ಮಬ್ಬಿನಲ್ಲಿ ನನಗೆ ಕಾಣುತ್ತಿದ್ದದ್ದು ಅದೇ ಬೂದು ಶೂ. ಹಿಮ್ಮಡಿ ಏಳುತ್ತದೆ, ಇಳಿಯುತ್ತದೆ. ಚರಣ ಮುಗಿಯಿತು, ಪಲ್ಲವಿಗೆ ಹೋದೆವು, ಜನ ಚಪ್ಪಾಳೆ ತಟ್ಟುತ್ತಾ ತಾಳ ಹಿಡಿದರು, ಹಾಡುವವನು ಮೈಕ್ ಇಲ್ಲದೇ ಕೂಗಿದ, ಗಿಟಾರಿಸ್ಟ್ ಮಾತ್ರ ಎರಡೂ ಕೈ ಎತ್ತಿ ನಿಂತಿದ್ದ, ಪಾಪ. ಮೂರನೇ ಚರಣದ ಹೊತ್ತಿಗೆ ಕರೆಂಟ್ ಬಂತು. ಗಿಟಾರಿಸ್ಟ್‌ನದು ಟ್ರಾನ್ಸಿಸ್ಟರ್ ಆಂಪ್, ಕೂಡಲೇ ಶುರುವಾಯಿತು, ಅವನು ಒಂದು ಬಾರ್ ಮುಂಚೆ ನುಗ್ಗಿದ, ಅದು ಬಿಡಿ. ನನ್ನದು ವಾಲ್ವ್. ಬಿಸಿಯಾಗಬೇಕಲ್ಲ! ಸುಮಾರು ಅರ್ಧ ನಿಮಿಷ ಎಲ್ಲರೂ ಕೇಳುತ್ತಿದ್ದಾರೆ, ನಾನೊಬ್ಬ ಇನ್ನೂ ಮೂಕ. ಆಮೇಲೆ ಬೇಸ್ ನಿಧಾನವಾಗಿ, ಯಾರೋ ದೂರದಿಂದ ನಡೆದು ಬಂದ ಹಾಗೆ, ಹಾಡಿನೊಳಕ್ಕೆ ಬಂತು. ಸರಿಯಾದ ನೋಟಿನಲ್ಲೇ ಇದ್ದೆ. ಡ್ರಮ್ಮರ್ ತಲೆ ಎತ್ತಿ ಒಮ್ಮೆ ನಕ್ಕ. ಅಷ್ಟೇ. ಅವತ್ತು ಆಯೋಜಕರು ಹೇಳಿದ್ದರಲ್ಲಿ ಅರ್ಧ ದುಡ್ಡೂ ಕೊಡಲಿಲ್ಲ, ಅದೂ ನೆನಪಿದೆ. ಆದರೆ ಎರಡನೆಯದಾಗಿ ನೆನಪಿದೆ.

ಸ್ಟಿಕ್‌ಮುರುಕ

ಇದನ್ನು ಓದಿ ನಮ್ಮ ಬೇಸ್‌ನವನಿಗೆ ಫೋನ್ ಮಾಡಿದೆ. ಏಳು ವರ್ಷ ಆಗಿತ್ತು. ಎತ್ತಲಿಲ್ಲ. ನಾಳೆ ಮತ್ತೆ ಮಾಡುತ್ತೇನೆ.

ಹೊಸಬೆರಳು

ಅಬ್ಬಾ. ನನಗೆ ಆರು ಶೋಗೆ ಏನೇನು ಒಯ್ಯಬೇಕು ಹೇಳಿ. ನನ್ನದು ಆಕ್ಟಿವ್ ಬೇಸ್, ಒಳಗೆ ಬ್ಯಾಟರಿ ಸರ್ಕ್ಯೂಟ್ ಇರುವುದು. ತಂತಿ ಹೊಸದು ಹಾಕಬೇಕಾ? ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಹಿಡಿದರೆ ಜನ ನಗುತ್ತಾರಾ?

ಕೆಳಸ್ವರ

@ಹೊಸಬೆರಳು ಒಂಬತ್ತು ವೋಲ್ಟ್ ಬ್ಯಾಟರಿ ಎರಡು ಜಾಸ್ತಿ. ಆಕ್ಟಿವ್ ಬೇಸ್‌ನಲ್ಲಿ ಕೇಬಲ್ ಚುಚ್ಚಿಟ್ಟಿದ್ದರೆ ನೀವು ನುಡಿಸದಿದ್ದರೂ ಬ್ಯಾಟರಿ ಖಾಲಿ ಆಗುತ್ತಾ ಇರುತ್ತದೆ. ಶೋ ಮುಗಿದ ಕೂಡಲೇ ಕೀಳಿ. ನನಗೆ ಒಮ್ಮೆ ಹಾಡಿನ ಮಧ್ಯೆ ಬ್ಯಾಟರಿ ಸಾಯತೊಡಗಿತು, ಮೊದಲು ಶಬ್ದ ಹರಿದ ಹಾಗೆ ಪರಪರ ಅಂತು, ಆಮೇಲೆ ಸಣ್ಣಗೆ ಸಣ್ಣಗೆ ಆಗಿ ಹೋಯಿತು. ಜನ ನನ್ನ ತಪ್ಪು ಅಂದುಕೊಂಡರು. ನನ್ನದೇ ತಪ್ಪು ಅನ್ನಿ.

ಕೇಬಲ್ ಎರಡು. ಸ್ಪೀಕರ್ ಕೇಬಲ್ ಬೇರೆ, ಗಿಟಾರ್ ಕೇಬಲ್ ಬೇರೆ, ನೋಡಲು ಒಂದೇ ಥರ ಇರುತ್ತವೆ, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಯಾರದಾದರೂ ವಾಲ್ವ್ ಆಂಪ್ ಸಿಕ್ಕರೆ ಸ್ಪೀಕರ್ ಜೋಡಿಸದೇ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಮತ್ತೆ ಕಿವಿಗೆ ಪ್ಲಗ್. ಇದಕ್ಕೆ ನಗಬೇಡಿ. 85 ಡೆಸಿಬೆಲ್ ಎಂಟು ಗಂಟೆ ತಡೆದುಕೊಳ್ಳಬಹುದು ಅನ್ನುತ್ತಾರೆ, ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧ ಆಗುತ್ತದೆ. 100ಕ್ಕೆ ಹೋದರೆ ಹದಿನೈದೇ ನಿಮಿಷ. ಡ್ರಮ್ಸ್ ಸಿಂಬಲ್ ಪಕ್ಕ ನಿಲ್ಲುವವರು ನಾವು. ನನ್ನ ಎಡಗಿವಿಯಲ್ಲಿ ಒಂದು ಸಣ್ಣ ಸೀಟಿ ಇದೆ, ಇದನ್ನು ಬರೆಯುವಾಗಲೂ ಕೇಳುತ್ತಿದೆ. ಬಲಗಡೆ ಇಲ್ಲ. ಹೈ-ಹ್ಯಾಟ್ ನನ್ನ ಎಡಕ್ಕೇ ಇರುತ್ತಿತ್ತು.

ಹಿಂದಿನಸಾಲು

ಪಿಕ್‌ಗೆ ನಗುವವರಿಗೆ ಕ್ಯಾರಲ್ ಕೇ ಹೆಸರು ಹೇಳಿ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಲೆಕ್ಕವಿಲ್ಲದಷ್ಟು ರೆಕಾರ್ಡಿಂಗ್ ಮಾಡಿದವರು, ನುಡಿಸಿದ್ದು ಪಿಕ್‌ನಲ್ಲಿ. ಬೆರಳೇ ಬೇಕು ಅನ್ನುವವರಿಗೆ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಇದ್ದಾರೆ. ಅವರು ಬಲಗೈಯ ತೋರುಬೆರಳು ಒಂದರಲ್ಲೇ ಅಷ್ಟೆಲ್ಲಾ ಮಾಡಿದರು. ಎರಡನ್ನೂ ಕಲಿಯಿರಿ. ಬೆರಳಿನಲ್ಲಿ ಗುಳ್ಳೆ ಎದ್ದ ರಾತ್ರಿ ಪಿಕ್ ದೇವರಾಗುತ್ತದೆ.

ತಂತಿ ವಿಷಯ. ಜೇಮರ್ಸನ್ ತಂತಿ ಬದಲಾಯಿಸುವವರೇ ಅಲ್ಲ, ಫ್ಲ್ಯಾಟ್‌ವೌಂಡ್ (ಮೇಲೆ ನುಣುಪಾಗಿರುವ ತಂತಿ) ಹಾಕಿ ಹಾಗೇ ಬಿಡುತ್ತಿದ್ದರು. ನಾವು ದುಡ್ಡಿಲ್ಲದೆ ಬದಲಾಯಿಸುತ್ತಿರಲಿಲ್ಲ, ಅದೇ ವ್ಯತ್ಯಾಸ. ಸತ್ತ ರೌಂಡ್‌ವೌಂಡ್ (ಮೇಲೆ ತರಿತರಿಯಾಗಿರುವ) ತಂತಿ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿ, ಒರೆಸಿ, ಮತ್ತೆ ಹಾಕುತ್ತಿದ್ದೆವು. ಸುತ್ತುಗಳ ಸಂದಿಯ ಕೊಳೆ ಹೋಗಿ ಕೆಲವು ದಿನ ಹೊಸದರ ಹಾಗೆ ಹೊಳೆಯುತ್ತದೆ. ಆ ನೀರಿನ ಬಣ್ಣ ಮಾತ್ರ ನೋಡಬೇಡಿ.

ಕೇಬಲ್‌ಸುತ್ತುವವ

ನಾನು ಬ್ಯಾಂಡ್‌ನವನಲ್ಲ, ವ್ಯಾನ್ ಓಡಿಸುತ್ತಿದ್ದವನು. ಅದಕ್ಕೇ ಒಂದೇ ಮಾತು. ರಾತ್ರಿ ವ್ಯಾನ್‌ನಲ್ಲಿ ವಾದ್ಯ ಬಿಡಬೇಡಿ.

ಒಂದು ರಾತ್ರಿ ಎಲ್ಲರೂ ಸತ್ತು ಸುಣ್ಣ ಆಗಿದ್ದರು. "ಎರಡೇ ಗಂಟೆ ಮಲಗುವುದು, ಇಲ್ಲೇ ಇರಲಿ" ಅಂದರು. ನಾನೇ ಬೀಗ ಹಾಕಿದೆ, ಎರಡು ಸಲ ಎಳೆದು ನೋಡಿದೆ. ಬೆಳಿಗ್ಗೆ ಹಿಂದಿನ ಗಾಜು ರಸ್ತೆ ತುಂಬಾ. ಡ್ರಮ್ಸ್ ಹಾಗೇ ಇತ್ತು, ಆಂಪ್ ಎತ್ತಲಾಗದೆ ಬಿಟ್ಟಿದ್ದರು. ಬೇಸ್ ಒಂದೇ ಹೋಗಿತ್ತು, ಒಬ್ಬನೇ ಓಡಬಹುದಾದ ಭಾರ ಅದು. ನಮ್ಮ ಬೇಸ್‌ನವನು ಬೈಯಲಿಲ್ಲ, ಅಳಲಿಲ್ಲ. ಗಾಜಿನ ಚೂರು ಒಂದೊಂದೇ ಹೆಕ್ಕಿ ಬದಿಗೆ ಹಾಕಿದ, ಯಾರದಾದರೂ ಟೈರ್‌ಗೆ ಚುಚ್ಚಬಾರದು ಅಂತ. ಅವನು ಬೈದಿದ್ದರೆ ಚೆನ್ನಾಗಿತ್ತು. ಈಗಲೂ ಬೀಗ ಹಾಕಿದರೆ ಮೂರು ಸಲ ಎಳೆಯುತ್ತೇನೆ.

ಕೆಳಸ್ವರ

@ಕೇಬಲ್‌ಸುತ್ತುವವ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಬೇಸ್ ಕೂಡ ವ್ಯಾನ್‌ನಿಂದಲೇ ಹೋಗಿದ್ದು. ಪಿಟೀಲಿನ ಆಕಾರದ ಹಾಫ್ನರ್, 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು. 1972ರಲ್ಲಿ ಲಂಡನ್‌ನ ನಾಟಿಂಗ್ ಹಿಲ್‌ನಲ್ಲಿ ನಿಲ್ಲಿಸಿದ್ದ ವ್ಯಾನ್‌ನಿಂದ ಕಳುವಾಯಿತು. ಸಿಕ್ಕಿದ ಸುದ್ದಿ ಬಂದದ್ದು 2024ರಲ್ಲಿ. ಐವತ್ತು ವರ್ಷ ಅಟ್ಟದಲ್ಲೂ ಅಲ್ಲಿ ಇಲ್ಲಿಯೂ ಇತ್ತಂತೆ. ಹಾಗಾಗಿ ನಿಮ್ಮವನಿಗೆ ಇನ್ನೂ ಟೈಮ್ ಇದೆ ಅನ್ನಿ.

ಕೇಬಲ್‌ಸುತ್ತುವವ

ಹೇಳುತ್ತೇನೆ. ನಗುತ್ತಾನೋ ಇಲ್ಲವೋ ನೋಡೋಣ.

ಡೆಸ್ಕ್‌ಹಿಂದೆ

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. @ನಾಲ್ಕುತಂತಿ ಗೋಡೆಗೆ ಹಾಕಬೇಡಿ. ತಂತಿ ಬಿಗಿದೇ ಹನ್ನೊಂದು ವರ್ಷ ಇಟ್ಟರೆ ನೆಕ್ ಮುಂದಕ್ಕೆ ಬಾಗುವುದು ಸಹಜ. ಅದರೊಳಗೆ ಟ್ರಸ್ ರಾಡ್ ಅನ್ನುವ ಲೋಹದ ಸರಳು ಇದೆ, ಬಾಗಿದ್ದನ್ನು ಸರಿಮಾಡುವುದಕ್ಕೇ ಅದು ಇರುವುದು. ಮೊದಲು ಸರಿಯಾಗಿ ಟ್ಯೂನ್ ಮಾಡಿ. E ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದಿ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರಿದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ರಾಡ್‌ನ ನಟ್‌ಗೆ ಎದುರಾಗಿ ನೋಡುತ್ತಾ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಕಾಲೇ ಸುತ್ತು. ಒಂದು ದಿನ ಬಿಟ್ಟು ಮತ್ತೆ ನೋಡಿ. ಮರಕ್ಕೆ ಟೈಮ್ ಬೇಕು. ಬಿಗಿಯಾಗಿ ಕೂತಿದ್ದರೆ ಜೋರು ಮಾಡಬೇಡಿ, ರಾಡ್ ಮುರಿದರೆ ಆಗ ಗೋಡೆಯೇ ಗತಿ.

ಅದು ಆಕ್ಟಿವ್ ಆಗಿದ್ದರೆ ಹಿಂದಿನ ಬ್ಯಾಟರಿ ಡಬ್ಬಿಯನ್ನೂ ತೆಗೆದು ನೋಡಿ.

ನಾಲ್ಕುತಂತಿ

ತೆಗೆದೆ. ಬ್ಯಾಟರಿ ಸೋರಿ ಕ್ಲಿಪ್ ತುಂಬಾ ಹಸಿರು ಪುಡಿ. ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿದೆ, ಒಂದು ವೈರ್ ಕೈಗೇ ಬಂತು, ಬೆಸುಗೆ ಹಾಕಬೇಕು. ಆ ಡಬ್ಬಿಯೊಳಗೆ ಬ್ಯಾಟರಿ ಅಲ್ಲಾಡದಿರಲಿ ಅಂತ ಮಡಚಿ ತುರುಕಿದ್ದ ಕಾಗದ ಸಿಕ್ಕಿತು. ಬಿಡಿಸಿದರೆ ಸೆಟ್‌ಲಿಸ್ಟ್. ಡ್ರಮ್ಮರ್ ಅಕ್ಷರ. ಒಂಬತ್ತು ಹಾಡು, ಐದನೆಯದರ ಮುಂದೆ "ನಿಧಾನ!!" ಅಂತ ಎರಡು ಗೆರೆ ಎಳೆದು ಬರೆದಿದ್ದಾನೆ. ಅದು ಅವನಿಗೆ ಅವನೇ ಬರೆದುಕೊಂಡದ್ದೋ ನನಗೆ ಬರೆದದ್ದೋ ಗೊತ್ತಿಲ್ಲ. ಆರನೇ ಹಾಡಿನ ಹೆಸರು ಓದಿದರೂ ಅದು ಯಾವುದು ಅಂತ ನೆನಪಾಗುತ್ತಿಲ್ಲ. ಫೋಟೋ ತೆಗೆದು ಅವನಿಗೆ ಕಳಿಸಿದ್ದೇನೆ.

ಸ್ಟಿಕ್‌ಮುರುಕ

ಐದನೆಯದು ನಿಮಗೇ ಬರೆದದ್ದು. ನಾವು ನಮಗೆ ಏನೂ ಬರೆದುಕೊಳ್ಳುವುದಿಲ್ಲ.

ಅಂದಹಾಗೆ ನಮ್ಮವನು ಇವತ್ತು ಫೋನ್ ಎತ್ತಿದ. ಒಂದು ಗಂಟೆ ಮಾತಾಡಿದೆವು, ಅದರಲ್ಲಿ ಮುಕ್ಕಾಲು ಗಂಟೆ ವ್ಯಾನ್‌ನ ಗೇರ್‌ಬಾಕ್ಸ್ ಬಗ್ಗೆ.

ನಾಲ್ಕುತಂತಿ

ಅವನ ಉತ್ತರ ಬಂತು. "ಆರನೆಯದು ನನಗೂ ನೆನಪಿಲ್ಲ. ನೀನು ಶುರು ಮಾಡು, ಕಾಲಿಗೆ ಗೊತ್ತಿರುತ್ತದೆ" ಅಂದಿದ್ದಾನೆ.

ಟ್ರಸ್ ರಾಡ್ ನಿನ್ನೆ ಕಾಲು ಸುತ್ತು ತಿರುಗಿಸಿದೆ. ಇವತ್ತು ಸಂಜೆ ನೋಡಿದಾಗ ಏಳನೇ ಫ್ರೆಟ್ ಹತ್ತಿರ ಇನ್ನೂ ಎರಡು ಕಾರ್ಡ್ ಒಟ್ಟಿಗೆ ತೂರುತ್ತಿವೆ. ಮೊನ್ನೆ ನಾಲ್ಕು ತೂರುತ್ತಿದ್ದವು. ನಾಳೆ ಇನ್ನೊಂದು ಕಾಲು ಸುತ್ತು.